ಮೂರು ರೂಪಾಯಿ ತೂಕದ ಸರ

ಕೆಂಗೇರಿ ಉಪನಗರದ ಒಂದು ಮನೆಯಲ್ಲಿ ಕೆಲವು ತಿಂಗಳುಗಳ ಹಿಂದೆ ನಡೆದ ಮಾತಿದು. ಮಗಳ ನರ್ಸಿಂಗ್ ಕಾಲೇಜಿನ ಶುಲ್ಕಕ್ಕಾಗಿ ಅಜ್ಜಿಯ ಕರಿಮಣಿ ಸರವನ್ನು ಗಿರವಿ ಇಡಲು ಮನೆಯವರು ನಿಶ್ಚಯಿಸಿದ್ದರು. ಸಾಲ ಕೊಡುವವರು ತೂಗಿ 31 ಗ್ರಾಂ ಎಂದರಂತೆ. ಆದರೆ ಅಜ್ಜಿಯ ಮದುವೆಯ ಕಾಲದ ಚೀಟಿಯೊಂದು ಜಪಸರದ ಡಬ್ಬಿಯಲ್ಲಿ ಉಳಿದುಕೊಂಡಿತ್ತು. ಅದರಲ್ಲಿದ್ದುದು ‘ಸರ, ಮೂರು ರೂಪಾಯಿ ತೂಕ’ ಎಂಬ ಒಂದೇ ಸಾಲು. “ಮೂರು ರೂಪಾಯಿಗೆ ಸರ ಸಿಗುತ್ತಿತ್ತೇ ಫಾದರ್?” ಎಂದು ಹುಡುಗಿ ಕೇಳಿದಳು. ಅದು ಬೆಲೆಯಲ್ಲ ಮಗಳೇ, ಭಾರ ಎಂದೆ.

ನಮ್ಮ ಹಿರಿಯರ ಮನೆಗಳಲ್ಲಿ ತಕ್ಕಡಿ ಇರಲಿಲ್ಲವೆಂದಲ್ಲ. ಚಿನ್ನ ತೂಗುವಷ್ಟು ಸೂಕ್ಷ್ಮವಾದುದು ಅಕ್ಕಸಾಲಿಗರ ಬಳಿ ಮಾತ್ರ ಇರುತ್ತಿತ್ತು. ಆದರೂ ಮನೆಯ ಹೆಂಗಸರು ಮೋಸ ಹೋಗದಿರಲು ಎರಡು ಆಧಾರಗಳನ್ನು ಇಟ್ಟುಕೊಂಡಿದ್ದರು. ಒಂದು ಗುಲಗಂಜಿ, ಇನ್ನೊಂದು ಬೆಳ್ಳಿ ರೂಪಾಯಿ.

ಗುಲಗಂಜಿಯ ಲೆಕ್ಕ ಬಹಳ ಹಳೆಯದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಚಿನ್ನದ ತೂಕಗಳನ್ನು ಹೇಳುವಾಗ ಅದನ್ನು ಬಳಸಿದ್ದಾರೆ. ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ (1150) ಎರಡು ಯವೆಕಾಳು ಒಂದು ಗುಲಗಂಜಿ, ಅಂಥ 48 ಸೇರಿದರೆ ಒಂದು ಗದ್ಯಾಣ. ನಮ್ಮ ಶಿಲಾಶಾಸನಗಳಲ್ಲಿ ದಾನದತ್ತಿಗಳ ಜೊತೆ ಮತ್ತೆ ಮತ್ತೆ ಬರುವ ಗದ್ಯಾಣವೆಂಬ ಹೆಸರು ಇದೇ. ತೂಕದ ಹೆಸರೇ ನಾಣ್ಯದ ಹೆಸರೂ ಆಗಿತ್ತು. ಬೀಜವೆಂದ ಮೇಲೆ ಒಂದು ದಪ್ಪ, ಒಂದು ಸಣ್ಣ ಇದ್ದೇ ಇರುತ್ತದೆ. ಹಲವನ್ನು ಒಟ್ಟಿಗೆ ಹಾಕಿದಾಗ ಮಾತ್ರ ಲೆಕ್ಕ ಸರಿಹೋಗುತ್ತದೆ. (ಆ ಕೆಂಪು ಕಾಳು ಕಡು ವಿಷ. ಮಕ್ಕಳಿರುವ ಮನೆಯಲ್ಲಿ ಅದನ್ನು ಇಟ್ಟುಕೊಳ್ಳಬೇಡಿ.)

ಈಸ್ಟ್ ಇಂಡಿಯಾ ಕಂಪನಿಯು 1833ರಲ್ಲಿ ತೊಲವನ್ನು 180 ಗ್ರೇನ್ ಎಂದು ನಿಗದಿಪಡಿಸಿತು; ಈಗಿನ ಲೆಕ್ಕದಲ್ಲಿ 11.66 ಗ್ರಾಂ. 1835ರಿಂದ ಟಂಕಿಸಿದ ಬೆಳ್ಳಿ ರೂಪಾಯಿಗೂ ಅಷ್ಟೇ ತೂಕ. 96 ಗುಲಗಂಜಿಗೆ ಒಂದು ತೊಲವೆಂಬ ಹಳೆಯ ಲೆಕ್ಕ ಅದಕ್ಕೆ ಹೊಂದಿಕೊಂಡಿತು. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು, ತೂಕ ಮಾತ್ರ ಇಳಿಯಲಿಲ್ಲ. ಹೀಗೆ ಸೆರಗಿನ ಗಂಟಿನಲ್ಲಿದ್ದ ದುಡ್ಡೇ ತೂಕದ ಬೊಟ್ಟೂ ಆಗಿತ್ತು. ಆದಿಕಾಂಡದ 24ನೇ ಅಧ್ಯಾಯದಲ್ಲಿ ಬಾವಿಯ ಬಳಿ ರೆಬೆಕ್ಕಳಿಗೆ ಕೊಟ್ಟ ಮೂಗುತಿ ಅರ್ಧ ಶೆಕೆಲ್, ಬಳೆಗಳು ಹತ್ತು ಶೆಕೆಲ್. ಯೂದಾಯ ನಾಡಿನಲ್ಲಿ ದೊರೆತ ತೂಕದ ಕಲ್ಲುಗಳ ಪ್ರಕಾರ ಶೆಕೆಲ್ ಸುಮಾರು 11.3 ಗ್ರಾಂ, ನಮ್ಮ ತೊಲಕ್ಕೆ ಕೂದಲೆಳೆಯಷ್ಟೇ ಕಡಿಮೆ!

1956ರ ಕಾಯಿದೆಯ ಫಲವಾಗಿ 1958ರಿಂದ ಗ್ರಾಂ ಬಂದಿತು. ನಾಣ್ಯವು ತನ್ನ ಹಳೆಯ ಕೆಲಸವನ್ನು ಕಳೆದುಕೊಂಡಿತು. ಈಗ ಐದು ರೂಪಾಯಿಯ ಹಳೆಯ ದಪ್ಪ ನಾಣ್ಯ 9 ಗ್ರಾಂ, 2011ರಲ್ಲಿ ಬಂದುದು 6 ಗ್ರಾಂ. ಯಾವುದನ್ನು ನಂಬುವುದು? 2021ರಲ್ಲಿ ಕಡ್ಡಾಯವಾದ ಹಾಲ್‌ಮಾರ್ಕ್ ಮುದ್ರೆಯೂ ಚಿನ್ನದ ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಒಡವೆಯ ತೂಕವನ್ನಲ್ಲ.

ಆದುದರಿಂದ ನಾವು ನೀರನ್ನು ನಂಬಿದೆವು. ಹುಡುಗಿಯ ಅಳತೆಪಟ್ಟಿಯ ನಡುವಿಗೆ ದಾರ ಕಟ್ಟಿ ತೂಗುಬಿಟ್ಟು, ತುದಿಗಳಿಗೆ ಒಂದೇ ಬಗೆಯ ಎರಡು ಪ್ಲಾಸ್ಟಿಕ್ ಲೋಟಗಳನ್ನು ಕಟ್ಟಿದೆವು. ಒಂದರಲ್ಲಿ ಸರ, ಇನ್ನೊಂದಕ್ಕೆ ಔಷಧಿ ಕುಡಿಸುವ ಸಿರಿಂಜಿನಿಂದ ನೀರು. ಒಂದು ಮಿಲಿಲೀಟರ್ ನೀರೆಂದರೆ ಒಂದು ಗ್ರಾಂ. ಪಟ್ಟಿ ಸಮನಾದಾಗ 34 ಮಿಲಿಲೀಟರ್ ಆಗಿತ್ತು. ಸರವನ್ನೂ ನೀರನ್ನೂ ಅದಲುಬದಲು ಮಾಡಿದರೂ ಅಷ್ಟೇ. ಅರ್ಧ ಗ್ರಾಂ ಆಚೀಚೆ ಇರಬಹುದು. ಚೀಟಿಯ ಮೂರು ರೂಪಾಯಿ ಎಂದರೆ 35 ಗ್ರಾಂ. ಐವತ್ತು ವರ್ಷ ಕೊರಳಲ್ಲಿ ಉಜ್ಜಿದ ಚಿನ್ನ ಸವೆಯದೆ ಇರುತ್ತದೆಯೇ?

ಆದರೆ ಮೂರು ಗ್ರಾಂ? ಒಂದೊಂದು ಗ್ರಾಂ ಸಾವಿರಾರು ರೂಪಾಯಿ ಬಾಳುವ ಈ ದಿನಗಳಲ್ಲಿ ಅದು ಸಣ್ಣ ಮಾತಲ್ಲ. ತಾಯಿ ಮರುದಿನ ಚೀಟಿ ಹಿಡಿದು ಹೋಗಿ ಕೇಳಿದರು. ಕರಿಮಣಿಗಳ ತೂಕವನ್ನು ಕಳೆದಿದ್ದೇವೆ ಎಂದು ಉತ್ತರ ಬಂದಿತು. ಕಳೆದದ್ದು ನ್ಯಾಯವೇ, ಬಾಯಿಬಿಟ್ಟು ಹೇಳದೆ ಇದ್ದದ್ದು ನ್ಯಾಯವಲ್ಲ. ಒಂದಿರುಳು ಆ ಮನೆಯಲ್ಲಿ ಯಾರೂ ನಿದ್ದೆ ಮಾಡಿರಲಿಲ್ಲ.

ಶುಲ್ಕ ಕಟ್ಟಿದ್ದಾಯಿತು. ಚೀಟಿ ಮತ್ತೆ ಜಪಸರದ ಡಬ್ಬಿ ಸೇರಿದೆ. ಅದರ ಹಿಂಬದಿಯಲ್ಲಿ ಈಗ ಹುಡುಗಿಯ ಕೈಬರಹವೂ ಇದೆ: ಮಣಿ ಸೇರಿ 34, ಮಣಿ ಬಿಟ್ಟು 31.