ವೆಲ್ಕಮ್ ಟು ದ ಮಷೀನ್

ಸಂಗೀತೋದ್ಯಮವು ಕಲಾವಿದನ ಚೈತನ್ಯವನ್ನು ಹೀರಿ ಅವನನ್ನು ಪಣ್ಯವಸ್ತುವನ್ನಾಗಿಸುವ ಪರಿಯನ್ನು ಖಂಡಿಸುವ, ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ವೃಂದದ ರಾಕ್ ಗೀತೆ. ರೋಜರ್ ವಾಟರ್ಸ್ ರಚಿಸಿ ಡೇವಿಡ್ ಗಿಲ್ಮೋರ್ ಹಾಡಿದ ಇದು, ಲಂಡನ್ನಿನ ಆ್ಯಬಿ ರೋಡ್ ಧ್ವನಿಮುದ್ರಣಾಲಯದಲ್ಲಿ ಸಿದ್ಧಗೊಂಡು, 1975ರ ಸೆಪ್ಟೆಂಬರಿನಲ್ಲಿ ‘ವಿಶ್ ಯು ವರ್ ಹಿಯರ್’ ಆಲ್ಬಮಿನಲ್ಲಿ ಪ್ರಕಟವಾಯಿತು. ಅದರಲ್ಲಿಯೇ ಇರುವ ‘ಹ್ಯಾವ್ ಎ ಸಿಗಾರ್’ ಗೀತೆಯ ವಸ್ತುವೂ ಇದೇ. ಸಿಂಥಸೈಜರಿನ ನಿರ್ದಯ ಯಂತ್ರಸ್ಪಂದನದ ನಡುವೆ ಅಕೂಸ್ಟಿಕ್ ಗಿಟಾರಿನ ನಾದವೊಂದೇ ಮನುಷ್ಯನ ಉಸಿರಿನಂತೆ ಕೇಳಿಬರುವುದು ಇದರ ಮರ್ಮ. ವ್ಯಂಗ್ಯಚಿತ್ರಕಾರ ಜೆರಾಲ್ಡ್ ಸ್ಕಾರ್ಫ್ ಇದಕ್ಕಾಗಿ ರಚಿಸಿದ ಆನಿಮೇಷನ್ ಚಿತ್ರವು, 1977ರ ಸಂಚಾರದ ಕಛೇರಿಗಳಲ್ಲಿ ವೇದಿಕೆಯ ಹಿಂದಣ ತೆರೆಯ ಮೇಲೆ ಮೂಡುತ್ತಿದ್ದಿತು. ಲೋಹಮೃಗವೂ ಛಿನ್ನಮಸ್ತಕವೂ ಕೈಗಳಾಗಿ ಮೇಲೇಳುವ ರಕ್ತಸಾಗರದ ಅಲೆಗಳೂ ಅದರ ಘೋರ ಪ್ರತಿಮೆಗಳು.