ಮುಳ್ಳಿನ ಗುಡಿಯೂ ಅಂಗಾಲಿನ ಅರಿವೂ

ಚಳ್ಳಕೆರೆ ಮೊಳಕಾಲ್ಮೂರು ಸೀಮೆಯನ್ನು ವಿದ್ವಾಂಸರು ಬಲ್ಲುದು ಬಹುಮಟ್ಟಿಗೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳಿಂದ. 1892ರಲ್ಲಿ ಬಿ. ಎಲ್. ರೈಸರು ಅವುಗಳನ್ನು ಬೆಳಕಿಗೆ ತಂದಂದಿನಿಂದ ಆ ಬಂಡೆಗಳ ಅಕ್ಷರಗಳನ್ನು ಕುರಿತು ಬೇಕಾದಷ್ಟು ಚರ್ಚೆ ನಡೆದಿದೆ. ಅದೇ ಕಲ್ಲುನೆಲದಲ್ಲಿ, ಕುರುಚಲು ಮುಳ್ಳುಗಾಡಿನಲ್ಲಿ, ದನಕುರಿಗಳ ಹಿಂದೆ ತಲೆತಲಾಂತರದಿಂದ ನಡೆದುಬಂದ ಜನರ ಕಾಲನ್ನು ಕುರಿತು ಆಲೋಚಿಸಿದವರು ಕಡಮೆ. (ಮೊಳಕಾಲೆಂಬ ಶಬ್ದವು ಊರಿನ ಹೆಸರಿನಲ್ಲಿಯೇ ಕೇಳಿಬರುವುದಾದರೂ ಅದರ ವ್ಯುತ್ಪತ್ತಿ ವಿಚಾರವನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.)

ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಬಳಿ ಕಾಡುಗೊಲ್ಲರು ತಮ್ಮ ಕ್ಯಾತೇದೇವರಿಗೆ ಜಾತ್ರೆ ನಡೆಸುವರು. ಬಾರೆಯ ಮುಳ್ಳುಕಂಟಿಗಳನ್ನು ಒಟ್ಟಿ ಎತ್ತರವಾದ ಗುಡಿಯೊಂದನ್ನು ಕಟ್ಟಿ, ಅದರ ನೆತ್ತಿಯ ಮೇಲೆ ಕಳಸವನ್ನಿಡುವರು. ಹರಕೆ ಹೊತ್ತ ತರುಣರು ಬರಿಗಾಲಿನಲ್ಲಿ ಆ ಮುಳ್ಳನ್ನು ತುಳಿದು ಮೇಲೇರಿ ಕಳಸವನ್ನು ಕಿತ್ತು ತರುವರು. ಭಕ್ತರು ಇದನ್ನು ದೈವದ ಕೃಪೆಯೆನ್ನುವರು. ಅದು ಅವರ ಮಾತು, ಅದಕ್ಕೆ ನಾವು ಅಡ್ಡ ಬರಬೇಕಾಗಿಲ್ಲ. ಆದರೆ ಓದು ಬರೆಹ ಬಲ್ಲವರು ಸಾಮಾನ್ಯವಾಗಿ ಹೇಳುವ ಇನ್ನೊಂದು ಸಮಾಧಾನವುಂಟು: ಬರಿಗಾಲಿನಲ್ಲಿ ನಡೆದು ನಡೆದು ಅವರ ಅಂಗಾಲು ಜಡವಾಗಿದೆ, ನೋವೇ ತಿಳಿಯದು ಎಂಬುದು. ಈ ಎರಡನೆಯ ಮಾತು ಶಾಸ್ತ್ರಕ್ಕೆ ಒಪ್ಪುವಂಥದಲ್ಲ. ಆ ಜನರಿಗೆ ನ್ಯಾಯ ಮಾಡುವಂಥದೂ ಅಲ್ಲ.

ಅಂಗಾಲಿಗೆ ಮುಳ್ಳು ತಗುಲಿದೊಡನೆ ಕಾಲು ತಾನಾಗಿ ಮೇಲೇಳುವುದು. ಮನಸ್ಸು ಅಪ್ಪಣೆ ಕೊಡುವುದಕ್ಕೆ ಮೊದಲೇ ಬೆನ್ನುಹುರಿಯು ಸ್ನಾಯುಗಳಿಗೆ ಕೊಡುವ ಈ ಉತ್ತರವನ್ನು ಪ್ರತಿವರ್ತನೆಯೆನ್ನುವರು. ಇಂಗ್ಲೆಂಡಿನ ಶೆರಿಂಗ್ಟನ್ನರು 1906ರ ಗ್ರಂಥದಲ್ಲಿಯೂ 1910ರ ಪ್ರಬಂಧದಲ್ಲಿಯೂ ಇದನ್ನು ಕೂಲಂಕಷವಾಗಿ ವಿವರಿಸಿದರು. ನೊಂದ ಕಾಲು ಮಡಿಯುವಾಗ ಎದುರಿನ ಕಾಲು ಸೆಟೆದು ನಿಲ್ಲುವುದೆಂಬುದು ಅವರು ತೋರಿಸಿದ ಮುಖ್ಯ ಸಂಗತಿ. ಹಾಗಿಲ್ಲದಿದ್ದರೆ ಮುಳ್ಳಿನಿಂದ ತಪ್ಪಿಸಿಕೊಂಡವನು ನೆಲಕ್ಕೆ ಬೀಳುತ್ತಿದ್ದನು. ಸ್ವೀಡನ್ನಿನ ಹಾಗ್ಬಾರ್ತರು 1952ರಲ್ಲಿ ಬೆಕ್ಕುಗಳಲ್ಲಿ ಪರೀಕ್ಷಿಸಿ, ಚರ್ಮದ ಯಾವ ಭಾಗವನ್ನು ಕೆಣಕಿದೆವೆಂಬುದನ್ನು ಅನುಸರಿಸಿ ಸ್ನಾಯುಗಳ ಉತ್ತರವೂ ಬೇರೆಯಾಗುವುದೆಂದು ತಿಳಿಸಿದರು.

ಇಷ್ಟರಲ್ಲಿಯೇ ಒಂದು ತೊಡಕಿದೆ. ನಡೆಯುವವನ ಭಾರವೆಲ್ಲ ಬಲಗಾಲಿನ ಮೇಲಿದ್ದು ಎಡಗಾಲು ಗಾಳಿಯಲ್ಲಿರುವಾಗ ಬಲಗಾಲಿಗೇ ಮುಳ್ಳು ತಗುಲಿದರೆ ಆ ಕಾಲು ಮೇಲೆದ್ದೀತೆ? ಎದ್ದರೆ ಬೀಳುವುದೇ ಸೈ. 1975ರಲ್ಲಿ ಫಾರ್ಸ್‌ಬರ್ಗ್, ಗ್ರಿಲ್ನರ್, ರೊಸ್ಸಿಗ್ನೋಲ್ ಎಂಬ ಮೂವರು ಇದಕ್ಕೆ ಉತ್ತರವನ್ನು ಕಂಡರು. ಬೆನ್ನುಹುರಿಯ ಸಂಬಂಧವು ಮಿದುಳಿನಿಂದ ಕಡಿದುಹೋದ ಬೆಕ್ಕು, ಚಲಿಸುವ ಪಟ್ಟಿಯ ಮೇಲೆ ನಡೆಯುತ್ತಿರುವಾಗ ಅದರ ಪಾದದ ಮೇಲ್ಭಾಗವನ್ನು ಮುಟ್ಟಿದರು. ಕಾಲು ಗಾಳಿಯಲ್ಲಿದ್ದರೆ ಇನ್ನಷ್ಟು ಮಡಿದು ಅಡ್ಡಿಯನ್ನು ದಾಟಿತು. ಅದೇ ಕಾಲು ನೆಲದ ಮೇಲಿದ್ದರೆ ಮಡಿಯುವುದರ ಬದಲು ಗಟ್ಟಿಯಾಗಿ ಊರಿತು. ಸ್ಪರ್ಶ ಒಂದೇ, ಉತ್ತರ ಹೆಜ್ಜೆಯ ಘಟ್ಟವನ್ನು ಅನುಸರಿಸಿ ಎರಡು! ಮನುಷ್ಯರ ವಿಷಯದಲ್ಲಿ ಕೆನಡಾ ದೇಶದ ಯಾಂಗ್ ಮತ್ತು ಸ್ಟೈನ್ ಎಂಬವರು 1990ರಲ್ಲಿ ಇಂಥದೇ ತಿರುವನ್ನು ಕಂಡರು. ಅಂಗಾಲಿನ ಅರಿವನ್ನು ಒಯ್ಯುವ ನರವನ್ನು ಕೆಣಕಿದಾಗ, ಕಾಲ್ಬೆರಳುಗಳ ಕಡೆಯನ್ನು ಮೇಲೆತ್ತುವ ಮುಂಗಾಲಿನ ಸ್ನಾಯುವು ಹೆಜ್ಜೆ ಎತ್ತಿದ ಮೊದಲಲ್ಲಿ ಬಿಗಿಯುವುದು; ಪಾದ ನೆಲವನ್ನು ಸೇರುವ ಹೊತ್ತಿಗೆ ಸಡಿಲುವುದು. ಇದೆಲ್ಲ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಕಾಲದಲ್ಲಿ ನಡೆದುಹೋಗುವುದು. ಚರ್ಮವು ಸುದ್ದಿಯನ್ನು ತರುವುದು. ಆ ಸುದ್ದಿಗೆ ಅರ್ಥವನ್ನು ಕೊಡುವುದು ಹೆಜ್ಜೆ.

ಇನ್ನು ಜಡತೆಯ ಮಾತು. ಬರಿಗಾಲಿನವರ ಅಂಗಾಲು ದಪ್ಪವಾಗಿರುವುದೇನೋ ನಿಜ. ಆದರೆ ಹೊಲೊವ್ಕಾ ಮತ್ತು ಸಂಗಡಿಗರು ಕೀನ್ಯಾದ ಬರಿಗಾಲಿನವರನ್ನೂ ಪಾದರಕ್ಷೆ ತೊಡುವವರನ್ನೂ ಹೋಲಿಸಿ ನೋಡಿ 2019ರಲ್ಲಿ ಪ್ರಕಟಿಸಿದ ಪ್ರಬಂಧವು, ದಪ್ಪವಾದ ಚರ್ಮದಿಂದ ಅಂಗಾಲಿನ ಸ್ಪರ್ಶಜ್ಞಾನವು ಕುಂದುವುದಿಲ್ಲವೆಂದು ತೋರಿಸಿದೆ. ನಿಜವಾಗಿ ಜಡವಾದ ಅಂಗಾಲು ಹೇಗಿರುವುದೆಂಬುದನ್ನು ಕುಷ್ಠದಿಂದಲೋ ಮಧುಮೇಹದಿಂದಲೋ ನರಗಳು ಕೆಟ್ಟವರಲ್ಲಿ ಕಾಣಬಹುದು. ಅವರು ಗಾಯವನ್ನು ಅರಿಯರು. ಮಧುಮೇಹದವರಲ್ಲಂತೂ ನಡಿಗೆ ತಡವರಿಸುವುದೂ ಬೀಳುವುದೂ ಹೆಚ್ಚು. ಅಂಥ ಕಾಲು ಮುಳ್ಳಿನ ಗುಡಿಯನ್ನು ಏರಲಾರದು.

ಆದುದರಿಂದ ಕಳಸಕ್ಕೆ ಕೈಚಾಚುವ ತರುಣನ ಕಾಲಿನಲ್ಲಿ ಅರಿವು ಇಲ್ಲವೆನ್ನುವುದಕ್ಕಿಂತ, ಅರಿವು ಎಚ್ಚತ್ತಿದೆಯೆನ್ನುವುದೇ ಯುಕ್ತ. ಅಲುಗುವ ಕಂಟಿಗಳ ಮೇಲೆ ಯಾವ ಕಾಲು ಭಾರ ಹೊರಬೇಕು, ಯಾವುದು ಬಿಡಬೇಕೆಂಬುದು ಅಂಗಾಲಿನ ಸುದ್ದಿಯಿಲ್ಲದೆ ತೀರ್ಮಾನವಾಗದು. ಕಾಲನ್ನು ಹಿಂದೆಗೆಯುವ ಸಹಜ ಸೆಳೆತವನ್ನು ಮಿದುಳು ಒಂದಿಷ್ಟು ಹತ್ತಿಕ್ಕಬಲ್ಲುದು. ಸಂಕಲ್ಪವೂ ಅಭ್ಯಾಸವೂ ನೆರವಿಗೆ ಬರುವುದು ಅಲ್ಲಿಯೇ. ನೋವನ್ನು ಅರಿತೂ ಏರುವನೆಂಬುದರಿಂದ ಅವನ ಹರಕೆಯ ಬೆಲೆ ಹೆಚ್ಚುವುದೇ ಹೊರತು ಕುಂದದು. ಮೊಳಕಾಲ್ಮೂರಿನ ರೇಷ್ಮೆ ನೇಕಾರನೂ ಕಣ್ಣನ್ನು ನೆಯ್ಗೆಯಲ್ಲಿ ನೆಟ್ಟು, ಕುಣಿಮಗ್ಗದ ಕಾಲ್ಮಣೆಗಳನ್ನು ಅಂಗಾಲಿನಿಂದಲೇ ಗುರುತಿಸುವನು. ಅವನದು ಕುಳಿತ ಕೆಲಸ, ಬೀಳುವ ಭಯವಿಲ್ಲ. ಕಾಡುಗೊಲ್ಲರ ತರುಣನಿಗೆ ಇಳಿಯುವಾಗಲೂ ಅದೇ ಮುಳ್ಳು ಕಾದಿರುವುದು.