ಗಿರಾಕಿ ಹೇಳಿದಂತೆ ಗಾಡಿ

ಹರಪನಹಳ್ಳಿ, ಕೊಟ್ಟೂರು, ಹಡಗಲಿ ರಸ್ತೆಗಳಲ್ಲಿ ಮೆಕ್ಕೆಜೋಳದ ಚೀಲ ಹೇರಿಕೊಂಡು ಸಾಗುವ ಹಳೆಯ ಲಾರಿಗಳ ಹಣೆಯನ್ನು ನೋಡಬೇಕು. ಒಂದರ ಮೇಲೆ ಕೊಟ್ಟೂರೇಶ್ವರ ಪ್ರಸನ್ನ, ಇನ್ನೊಂದರ ಮೇಲೆ ಮೈಲಾರಲಿಂಗೇಶ್ವರ ಕೃಪೆ. ಅಕ್ಷರ ಯಾವ ಬಣ್ಣದ್ದು, ಕ್ಯಾಬಿನ್ನಿನಲ್ಲಿ ಮಲಗುವ ಹಲಗೆ ಎಲ್ಲಿರಬೇಕು, ದೇವರ ಪಟಕ್ಕೆ ಎಷ್ಟು ಜಾಗ ಎಂಬುದೆಲ್ಲ ಮಾಲೀಕರ ಇಷ್ಟ. ಕಾರ್ಖಾನೆಯಿಂದ ಬರುತ್ತಿದ್ದುದು ಎಂಜಿನ್ ಮತ್ತು ಗಾಲಿಗಳಿರುವ ಬರಿಯ ಚಾಸಿ. ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರ್ ಬಿಸಿಲು ಗಾಳಿಗೆ ಮೈಯೊಡ್ಡಿ ಅದನ್ನು ಓಡಿಸಿಕೊಂಡು ಬಂದು ಬಾಡಿ ಕಟ್ಟುವವರ ಮುಂದೆ ನಿಲ್ಲಿಸಿದ ಮೇಲೆ ಬಡಗಿ, ವೆಲ್ಡರ್, ಪೇಂಟರ್‌ಗಳ ಕೆಲಸ ಶುರುವಾಗುತ್ತಿತ್ತು.

ಜಗತ್ತಿನ ಅತಿ ದುಬಾರಿ ಕಾರುಗಳೂ ಒಂದು ಕಾಲಕ್ಕೆ ಹೀಗೆಯೇ ತಯಾರಾಗುತ್ತಿದ್ದವು ಎಂದರೆ ಇಂದಿನವರಿಗೆ ಆಶ್ಚರ್ಯವಾಗಬಹುದು. ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪನಿ ಎರಡನೆಯ ಮಹಾಯುದ್ಧದವರೆಗೆ ಮಾರುತ್ತಿದ್ದುದು ಚಾಸಿಯನ್ನೇ. ಗಿರಾಕಿ ಅದನ್ನು ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿ ಮುಂತಾದ ಬಾಡಿ ತಯಾರಕರಿಗೆ ಒಪ್ಪಿಸಿ, ತನಗೆ ಬೇಕಾದ ಆಕಾರ ಹೇಳಿ ಕಟ್ಟಿಸಿಕೊಳ್ಳುತ್ತಿದ್ದ. ಈ ತಯಾರಕರಲ್ಲಿ ಹಲವರು ಮೊದಲು ಕುದುರೆ ಸಾರೋಟು ಕಟ್ಟುತ್ತಿದ್ದವರು. ಕುದುರೆ ಹೋಗಿ ಎಂಜಿನ್ ಬಂದರೂ ಅವರ ಕಸುಬು ನಿಲ್ಲಲಿಲ್ಲ.

ಇಂಥ ಕಂಪನಿಗೆ ಭಾರತದ ಅರಸರಿಗಿಂತ ಒಳ್ಳೆಯ ಗಿರಾಕಿಗಳು ಎಲ್ಲಿ ಸಿಕ್ಕಾರು? 1908ರಲ್ಲಿ 'ಪರ್ಲ್ ಆಫ್ ದಿ ಈಸ್ಟ್' ಎಂಬ ಹೆಸರಿನ ರೋಲ್ಸ್ ರಾಯ್ಸ್ ಕಾರು ಮುಂಬಯಿಗೆ ಬಂದಿಳಿಯಿತು. ಅದನ್ನು ಕೊಲ್ಹಾಪುರದ ಕಡೆಗೆ ಘಟ್ಟಗಳ ಮೇಲೆ ಓಡಿಸಿ ಪರೀಕ್ಷಿಸಲಾಯಿತು. ಪರೀಕ್ಷೆಯಲ್ಲಿ ಗೆದ್ದ ಕಾರನ್ನು ಗ್ವಾಲಿಯರ್ ಮಹಾರಾಜರು ಕೊಂಡರು. ಆಮೇಲೆ ಸಂಸ್ಥಾನಗಳಿಂದ ಬೇಡಿಕೆಗಳ ಸುರಿಮಳೆ. ರಾಣೀವಾಸದವರಿಗೆ ಪರದೆಯ ಕಾರು, ದಸರಾ ಮೆರವಣಿಗೆಗೆ ತೆರೆದ ಕಾರು, ಶಿಕಾರಿಗೆ ಬೇರೆಯದೇ ಕಾರು. ಕೋಟಾದ ಉಮೇದ್ ಸಿಂಗರು 1925ರ ಫ್ಯಾಂಟಮ್ ಕಾರಿಗೆ ಹುಲಿ ಬೇಟೆಗೆಂದು ಸರ್ಚ್‌ಲೈಟ್ ಹಾಕಿಸಿದ್ದರು. ಇದಕ್ಕೂ ಮೊದಲೇ, 1910ರಲ್ಲಿ, ಕಲ್ಕತ್ತದಲ್ಲಿದ್ದ ಒಬ್ಬ ಬಿಳಿಯ ಸಾಹೇಬ ಇಂಗ್ಲೆಂಡಿನ ಬ್ರೂಕ್ ಕಂಪನಿಗೆ ಹೇಳಿ ಹಂಸದ ಆಕಾರದ ಕಾರು ಮಾಡಿಸಿದ. ಆ ಹಂಸದ ಕೊಕ್ಕಿನಿಂದ ನೀರು, ಆವಿ ಚಿಮ್ಮುತ್ತಿತ್ತು. ಜನ ಬೆದರಿ ಗದ್ದಲವೆದ್ದಿತು. ಪೊಲೀಸರು ಅದನ್ನು ರಸ್ತೆಗೆ ತರದಂತೆ ತಡೆದರು.

ಮೈಸೂರಿನ ಹೆಸರು ಇಲ್ಲಿ ವಿಶೇಷವಾಗಿ ಬರುತ್ತದೆ. ಮೈಸೂರು ಮಹಾರಾಜರು ರೋಲ್ಸ್ ರಾಯ್ಸ್ ಕಾರುಗಳನ್ನು ಒಂದೊಂದಾಗಿ ಅಲ್ಲ, ಏಳೇಳಾಗಿ ತರಿಸುತ್ತಿದ್ದರಂತೆ. ಒಂದೇ ಸಲಕ್ಕೆ ಹೆಚ್ಚು ಕಾರು ಕೊಳ್ಳುವುದಕ್ಕೆ ಕಂಪನಿಯ ಮಾರಾಟಗಾರರು 'ಡೂಯಿಂಗ್ ಎ ಮೈಸೂರ್' ಎನ್ನುತ್ತಿದ್ದರೆಂದು ಮೋಟಾರು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಈ ಮಾತಿನಿಂದ ಕನ್ನಡಿಗರಿಗೆ ಹೆಮ್ಮೆಯಾಗಬಹುದು. ಆದರೆ ಆ ಕಾರುಗಳ ಹಿಂದಿದ್ದ ಹಣ ಅಂತಿಮವಾಗಿ ರೈತರು ಕಟ್ಟಿದ ಕಂದಾಯದಿಂದ, ಕೋಲಾರದ ಗಣಿಗಳಿಂದ ಬಂದ ಆದಾಯದಿಂದ ತುಂಬಿದ ಬೊಕ್ಕಸದ್ದು ಎಂಬುದನ್ನೂ ಮರೆಯುವಂತಿಲ್ಲ. ಅಂಗಡಿಯಲ್ಲಿ ಅವಮಾನವಾಯಿತೆಂದು ಅಲ್ವರ್ ಮಹಾರಾಜರು ರೋಲ್ಸ್ ರಾಯ್ಸ್‌ಗಳನ್ನು ಕಸ ಸಾಗಿಸಲು ಬಿಟ್ಟರೆಂಬ ಕಥೆಯೂ ಪ್ರಸಿದ್ಧವಾಗಿದೆ. ಅದೇ ಕಥೆಯನ್ನು ಭರತ್‌ಪುರದ ಮೇಲೂ ಹೈದರಾಬಾದಿನ ಮೇಲೂ ಹೇಳುತ್ತಾರೆ. ಊರಿಗೊಬ್ಬ ನಾಯಕನಿರುವ ಕಥೆಯನ್ನು ಕಥೆಯಾಗಿಯೇ ಕೇಳುವುದು ಕ್ಷೇಮ.

ಅವಮಾನಗೊಂಡ ಗಿರಾಕಿಯ ಇನ್ನೊಂದು ಕಥೆಯನ್ನು ಗಿರಾಕಿಯೇ ಹೇಳಿದ್ದಾನೆ. ಇಟಲಿಯ ಫೆರುಚ್ಚೊ ಲಂಬೋರ್ಗಿನಿ 1948ರಿಂದ ಟ್ರಾಕ್ಟರ್ ತಯಾರಿಸಿ ಹಣವಂತನಾದವನು. ಅವನ ಬಳಿ ಫೆರಾರಿ ಕಾರಿತ್ತು, ಆದರೆ ಕ್ಲಚ್ ಪದೇ ಪದೇ ಕೈಕೊಡುತ್ತಿತ್ತು. ಬಿಚ್ಚಿ ನೋಡಿದರೆ ತನ್ನ ಟ್ರಾಕ್ಟರಿಗೆ ಹಾಕುವಂಥದೇ ಕ್ಲಚ್! ದೂರು ಹೇಳಲು ಹೋದಾಗ ಎಂಜೊ ಫೆರಾರಿ, ನಿನಗೆ ಟ್ರಾಕ್ಟರ್ ಓಡಿಸಲು ಬಂದೀತು, ನನ್ನ ಕಾರನ್ನಲ್ಲ ಎಂಬ ಅರ್ಥದಲ್ಲಿ ಕಳಿಸಿಬಿಟ್ಟನಂತೆ. 1963ರಲ್ಲಿ ಲಂಬೋರ್ಗಿನಿ ತನ್ನದೇ ಸ್ಪೋರ್ಟ್ಸ್ ಕಾರಿನ ಕಾರ್ಖಾನೆ ತೆರೆದ. ಸಂದರ್ಶನಗಳಲ್ಲಿ ಅವನು ಹೇಳಿದ ಈ ಮಾತಿಗೆ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಕಾರ್ಖಾನೆ ಮಾತ್ರ ನಿಜ. ಅದರ ಲಾಂಛನ ಗೂಳಿ; ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ನಮ್ಮ ಸೀಮೆಯ ರೈತರಿಗೆ ಇದು ಹಿಡಿಸೀತು. ಟ್ರಾಕ್ಟರ್ ವ್ಯವಹಾರ 1970ರ ದಶಕದಲ್ಲಿ ಬೇರೆ ಕಂಪನಿಯ ಕೈಸೇರಿತು.

ಇಷ್ಟರಲ್ಲಿ ಗಿರಾಕಿಯ ಮಾತಿಗೆ ಬೆಲೆ ಇಳಿಯತೊಡಗಿತ್ತು. ಯುದ್ಧದ ನಂತರ, 1946ರಲ್ಲಿ, ರೋಲ್ಸ್ ರಾಯ್ಸ್ ತನ್ನದೇ ಆದ ಬೆಂಟ್ಲಿ ಕಾರಿಗೆ ಕಾರ್ಖಾನೆಯಲ್ಲಿಯೇ ಉಕ್ಕಿನ ಬಾಡಿ ಹಾಕಿ ಮಾರಿತು. 1965ರ 'ಸಿಲ್ವರ್ ಶ್ಯಾಡೊ' ಮಾದರಿಯಲ್ಲಿ ಚಾಸಿ ಬೇರೆ, ಬಾಡಿ ಬೇರೆ ಎಂಬುದೇ ಉಳಿಯಲಿಲ್ಲ. ಎರಡನ್ನೂ ಸೇರಿಸಿ ಒಂದೇ ಡಬ್ಬಿಯಂತೆ ಬೆಸೆದರೆ ತೂಕ ಕಡಿಮೆ, ಉತ್ಪಾದನೆ ಸಲೀಸು. ಆದರೆ ಅಂಥ ಡಬ್ಬಿಯ ಆಕಾರ ಬದಲಿಸಲು ಬರುವುದಿಲ್ಲ. ಹಳೆಯ ಬಾಡಿ ತಯಾರಕರು ಒಬ್ಬೊಬ್ಬರಾಗಿ ಬಾಗಿಲು ಮುಚ್ಚಿದರು. ಭಾರತದಲ್ಲಿ 1971ರಲ್ಲಿ ರಾಜಧನ ರದ್ದಾದ ಮೇಲೆ ಅರಮನೆಗಳ ಕಾರುಗಳೂ ಒಂದೊಂದಾಗಿ ಮಾರಾಟವಾದವು.

ಈಗ ಅದೇ ಹಳೆಯ ಪದ್ಧತಿ ಹೊಸ ಹೆಸರಿನಲ್ಲಿ, ಹೆಚ್ಚಿನ ಬೆಲೆಗೆ ಬಂದಿದೆ. ಫೆರಾರಿ 2011ರಲ್ಲಿ 'ಟೈಲರ್ ಮೇಡ್' ಎಂಬ ವಿಭಾಗ ತೆರೆಯಿತು. ದರ್ಜಿ ಅಳತೆ ತೆಗೆದಂತೆ ಗಿರಾಕಿಯನ್ನು ಕೂರಿಸಿಕೊಂಡು ಬಣ್ಣ, ಚರ್ಮ, ಹೊಲಿಗೆಯ ದಾರದವರೆಗೆ ಕೇಳುತ್ತಾರೆ. ಲಂಬೋರ್ಗಿನಿಯಲ್ಲಿ ಇದೇ ಕೆಲಸಕ್ಕೆ 'ಅಡ್ ಪರ್ಸೊನಂ' ಎಂಬ ಲ್ಯಾಟಿನ್ ಹೆಸರು. 2024ರಲ್ಲಿ ಫೆರಾರಿ ಮಾರಿದ್ದು 13,752 ಕಾರು ಮಾತ್ರ. ಆದರೂ ಕಾರು ಮತ್ತು ಬಿಡಿಭಾಗಗಳ ಆದಾಯದಲ್ಲಿ ಸುಮಾರು ಐದನೇ ಒಂದು ಪಾಲು ಬರುವುದು ಇಂಥ ಅಲಂಕಾರದಿಂದ.

ಆದರೆ ಇಲ್ಲಿ ಗಿರಾಕಿ ಮಹಾರಾಜನಲ್ಲ. 2014ರಲ್ಲಿ ಕೆನಡಾದ ಸಂಗೀತಗಾರ ಡೆಡ್‌ಮೌಸ್ ತನ್ನ ಫೆರಾರಿಗೆ ಬೆಕ್ಕಿನ ಚಿತ್ರದ ಹಾಳೆ ಅಂಟಿಸಿ, ಬೆಕ್ಕಿನ ಗುರುಗುಟ್ಟುವಿಕೆ ನೆನಪಾಗುವಂತೆ 'ಪರ್ರಾರಿ' ಎಂದು ಹೆಸರು ಬದಲಿಸಿದ. (ನಮ್ಮ 'ಪರಾರಿ'ಗೂ ಇದಕ್ಕೂ ಸಂಬಂಧವಿಲ್ಲ.) ಕಂಪನಿಯ ವಕೀಲರಿಂದ ನೋಟಿಸು ಬಂತು. ದುಡ್ಡು ಕೊಟ್ಟು ಕೊಂಡ ಕಾರಿನ ಮೇಲೂ ಕಂಪನಿ ಒಪ್ಪಿದ ರುಚಿಯೇ ನಡೆಯಬೇಕು! ಕಲ್ಕತ್ತದ ಹಂಸದ ಸಾಹೇಬನನ್ನು ಪೊಲೀಸರು ತಡೆದರೇ ಹೊರತು ಕಾರು ಮಾಡಿಕೊಟ್ಟವರಲ್ಲ.

ಲಾರಿಗಳ ವಿಷಯವೂ ಬದಲಾಗುತ್ತಿದೆ. 2025ರಿಂದ ಹೊಸ ಮಧ್ಯಮ ಹಾಗೂ ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ದಿನವಿಡೀ ಸ್ಟಿಯರಿಂಗ್ ಹಿಡಿಯುವವರಿಗೆ ಇದು ಬಹಳ ಹಿಂದೆಯೇ ಬರಬೇಕಿತ್ತು. ಆದರೆ ಎ.ಸಿ. ನಿಲ್ಲಲು ಗಾಳಿಯಾಡದ ಕ್ಯಾಬಿನ್ ಬೇಕು. ಕಾರ್ಖಾನೆಯಲ್ಲೇ ಪೂರ್ತಿ ತಯಾರಾದ ಕ್ಯಾಬಿನ್ ಬಂದರೆ ಬಡಗಿಗೆ ಕೆಲಸ ಉಳಿಯುವುದು ಹಿಂದಿನ ಡಾಲಾದಲ್ಲಿ ಮಾತ್ರ. ಪೇಂಟರ್‌ಗೆ ಸದ್ಯಕ್ಕೆ ಆ ಭಯವಿಲ್ಲ. ಹೊಸ ಲಾರಿ ಬಂದರೂ ಕೊಟ್ಟೂರೇಶ್ವರನ ಹೆಸರು ಬರೆಯಲು ಅವನೇ ಬರಬೇಕು.